ಕಲ್ಲಿದ್ದಲ ನಡುಗಡ್ಡೆಗೆ ಶಾಂತಕ್ಕನ ಜೊತೆ

ಹೋದ ವಾರ ನನ್ನ ಹಳೆಯ ಸ್ಕೂಟರು ಮತ್ತೆ ಮುನಿಸಿಕೊಂಡಿತೆಂದು ಆಟೋ ನಗರಕ್ಕೆ ಹೋಗಿದ್ದೆ. ಗ್ಯಾರೇಜಿನ ಹೊರಗೆ ಸ್ಟೂಲಿನ ಮೇಲೆ ಕುಳಿತು ಚಹಾ ಕುಡಿಯುತ್ತಿರುವಾಗ ಎದುರಿನ ಶೆಡ್ಡಿನಲ್ಲಿ ಯಾರೋ ಒಂದು ದೊಡ್ಡ ಡೀಸೆಲ್ ಎಂಜಿನ್ನು ಚಾಲೂ ಮಾಡಿದರು. ಆಗಷ್ಟೇ ಮಳೆ ಬಿದ್ದು ನಿಂತಿತ್ತು. ಒದ್ದೆ ಕಬ್ಬಿಣದ ವಾಸನೆ, ಅದರ ಮೇಲೆ ಡೀಸೆಲ್ ಹೊಗೆ, ಕಾಲ ಕೆಳಗೆ ಸಣ್ಣಗೆ ಅದುರುವ ಕಾಂಕ್ರೀಟು. ಇವೆಲ್ಲ ಕೂಡಿದ್ದೇ ತಡ, ನನ್ನ ಕೈ ತಾನಾಗಿ ಹೋಗಿ ಪಕ್ಕದ ಕಂಬವನ್ನು ಹಿಡಿದುಕೊಂಡಿತು.

"ಯಾಕ್ರೀ ಟೀಚರ್, ಚಕ್ಕರ್ ಬಂತೇನ್ರಿ? ನೀರ ಕುಡೀತೀರೇನ?" ಎಂದು ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟು ಕೇಳಿದ.

ಏನಿಲ್ಲಪ್ಪ ಅಂದೆ. ನೀವೇ ಹೇಳಿ, ಬೇರೆ ಏನು ಹೇಳಲಿ? ಒಂದು ಕ್ಷಣ ನಾನು ಬೆಳಗಾವಿಯಲ್ಲಿ ಇರಲಿಲ್ಲ, ನಾಗಸಾಕಿಯ ಸಮುದ್ರದಲ್ಲಿ, ಮೇಲೆ ಕೆಳಗೆ ಆಗುವ ಒಂದು ದೋಣಿಯಲ್ಲಿ ಇದ್ದೆ ಅಂತ ಹೇಳಿದ್ದರೆ ಅವನು ನೀರಿನ ಬದಲು ರಿಕ್ಷಾ ತರಿಸುತ್ತಿದ್ದ.

ನಾನು ಹುಟ್ಟಾ ಅಂಜುಬುರುಕಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ರವಿವಾರ ಪೇಟೆಯಲ್ಲಿ ನಮ್ಮ ಮನೆ. ಕೆಳಗೆ ಬೆಲ್ಲದ ಅಂಗಡಿ, ಮೇಲೆ ನಾವು. ಬೀದಿಯಲ್ಲಿ ಲಾರಿ ಹಿಂದಕ್ಕೆ ಸರಿಯುವಾಗ ಕ್ಲೀನರ್ "ಬರ್ಲಿ, ಬರ್ಲಿ" ಎಂದು ಕೂಗಿದರೆ ಮೇಲಿನ ಮಾಳಿಗೆಯಲ್ಲಿ ಕುಳಿತ ನಾನು ಗೋಡೆಗೆ ಒತ್ತಿಕೊಳ್ಳುತ್ತೇನೆ. ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವಳು. ಸುನಾಮಿ, ಜ್ವಾಲಾಮುಖಿ, ಭೂಕಂಪ ಎಲ್ಲವನ್ನೂ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ್ದೇನೆ. ಗೋವೆಗೆ ಹೋದಾಗ ಮಾತ್ರ ಪಾದ ಮುಳುಗುವಷ್ಟು ನೀರಿಗೂ ಇಳಿದಿಲ್ಲ.

ನನಗೆ ತೀರ ವಿರುದ್ಧ ಶಾಂತಕ್ಕ. ಆಕೆ ನನ್ನ ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಪಾರಿಶ್ವಾಡದಲ್ಲಿ ಇದ್ದುಕೊಂಡು ಹೊಲ ನೋಡಿಕೊಳ್ಳುತ್ತಾಳೆ. ಓಣಿಯಲ್ಲಿ ಯಾರ ಬಚ್ಚಲಿಗೆ ಹಾವು ಬಂದರೂ ಮೊದಲು ಆಕೆಗೆ ಕರೆ ಹೋಗುತ್ತದೆ. ನಮ್ಮ ಭಾವನವರು ತೀರಿಕೊಂಡಾಗ ಮಗಳು ವಿಜಯಾ ಇನ್ನೂ ತೊಟ್ಟಿಲಲ್ಲಿ ಇದ್ದಳು. ಮಳೆಗಾಲದಲ್ಲಿ ಮಲಪ್ರಭೆ ತಗ್ಗು ಸೇತುವೆಯ ಮೇಲೆ ಹರಿಯುತ್ತಿತ್ತು. ಭಾವನವರು ಮೋಟರ್ ಸೈಕಲ್ ದಾಟಿಸುತ್ತೇನೆಂದು ಹೋಗಿ ನೀರುಪಾಲಾದರು. ಶಾಂತಕ್ಕ ಮನೆಯಲ್ಲಿದ್ದಳು, ಊರವರು ಬಂದು ಸುದ್ದಿ ಹೇಳಿದರು ಎಂಬುದಷ್ಟೇ ನಮಗೆಲ್ಲ ತಿಳಿದ ವಿಷಯ. ಆಕೆ ಎದೆ ಬಡಿದುಕೊಂಡು ಅಳಲಿಲ್ಲ. ಗಟ್ಟಿ ಹೆಂಗಸು ಎಂದು ಎಲ್ಲರೂ ಮಾತಾಡಿಕೊಂಡರು. ನಾನೂ ಅದನ್ನೇ ನಂಬಿದೆ.

ವಿಜಯಾ ನರ್ಸಿಂಗ್ ಓದಿದಳು. ಮುದುಕರನ್ನು ನೋಡಿಕೊಳ್ಳುವ ಕೆಲಸಕ್ಕೆ ನಾಗಸಾಕಿಗೆ ಹೋಗುತ್ತೇನೆ ಅಂದಾಗ ಬಳಗವೆಲ್ಲ ಬೇಡ ಅಂದಿತು. ಶಾಂತಕ್ಕ ಒಬ್ಬಳೇ "ಹೋಗ್ಲಿ ಬಿಡ್ರಿ" ಅಂದಳು. ಅವಳು ಹೋದ ಮೇಲೆ ಒಂದು ವರ್ಷ, ದೀಪಾವಳಿಗೆ ಇನ್ನೂ ಕೆಲವು ದಿನಗಳಿರುವಾಗ, ನಾವಿಬ್ಬರೂ ಹುಡುಗಿಯನ್ನು ನೋಡಿಬರಲು ಹೊರಟೆವು. ನನ್ನನ್ನು ಕರೆದದ್ದು ನನಗೆ ಇಂಗ್ಲಿಷ್ ಬರುತ್ತದೆಂದು. ವಿಮಾನದಲ್ಲಿ ನನ್ನ ಕೈ ಹಿಡಿದುಕೊಂಡವಳು ಆಕೆಯೇ.

ಅಲ್ಲಿ ಒಂದು ದಿನ ವಿಜಯಾಗೆ ಇದ್ದ ರಜೆ ರದ್ದಾಯಿತು. ಮನೆಯಲ್ಲಿ ಕುಳಿತು ಬೇಸರವಾದೀತೆಂದು ನಮ್ಮನ್ನು ಗೈಡ್ ಇರುವ ಒಂದು ದೋಣಿ ಪ್ರವಾಸಕ್ಕೆ ಹತ್ತಿಸಿದಳು. ಸಮುದ್ರದ ನಡುವೆ ಹಾಶಿಮಾ ಎಂಬ ನಡುಗಡ್ಡೆ ಇದೆ, ಒಂದು ಕಾಲಕ್ಕೆ ಅಲ್ಲಿ ಕಲ್ಲಿದ್ದಲ ಗಣಿ ಇತ್ತು, ಈಗ ಒಂದು ನರಪಿಳ್ಳೆಯೂ ಇಲ್ಲ ಅಂದಳು. ಯಾರೂ ಇಲ್ಲದ ಜಾಗವನ್ನು ನೋಡುವುದೇನು ಎಂದು ನನ್ನ ಜೀವ ಆಗಲೇ ಹಾರಿತ್ತು. ಹೊರಡುವಾಗ ಹುಡುಗಿ ನನ್ನ ಕಿವಿಯಲ್ಲಿ "ಚಿಗವ್ವಾ, ಅವ್ವನ್ನ ನೋಡ್ಕೋರಿ" ಅಂದಳು. ಯಾರು ಯಾರನ್ನು ನೋಡಿಕೊಳ್ಳಬೇಕು ಎಂದು ನಗು ಬಂತು.

ದೋಣಿಯಲ್ಲಿ ಶಾಂತಕ್ಕ ಮಾತಾಡಲಿಲ್ಲ. ಸೆರಗನ್ನು ತಲೆ ತುಂಬ ಹೊದ್ದು ಕಾಲಬೆರಳು ನೋಡುತ್ತ ಕುಳಿತಿದ್ದಳು. ಚಳಿ ಇರಬೇಕು ಅಂದುಕೊಂಡೆ. ನಮ್ಮ ಗೈಡ್ ಒಬ್ಬ ಅಜ್ಜ. ಅದೇ ನಡುಗಡ್ಡೆಯಲ್ಲಿ ಹುಟ್ಟಿ ಬೆಳೆದವನು. ಜಪಾನಿಯಲ್ಲಿ ಎಲ್ಲರಿಗೂ ಹೇಳಿ, ಆಮೇಲೆ ನಮ್ಮಿಬ್ಬರ ಕಡೆ ಬಂದು ಮುರುಕು ಇಂಗ್ಲಿಷಿನಲ್ಲಿ ಮತ್ತೆ ಹೇಳುತ್ತಿದ್ದ. ಅದನ್ನು ನಾನು ಕನ್ನಡ ಮಾಡುತ್ತಿದ್ದೆ. ಎಷ್ಟು ಸೋರಿಹೋಯಿತೋ ದೇವರೇ ಬಲ್ಲ.

ನಡುಗಡ್ಡೆ ಕಣ್ಣಿಗೆ ಬಿದ್ದಾಗ ನನ್ನ ಮೈ ಜುಂ ಅಂದಿತು. ನೀರಿನಿಂದ ನೇರವಾಗಿ ಎದ್ದ ಕಪ್ಪು ಗೋಡೆ, ಅದರೊಳಗೆ ಒಂದಕ್ಕೊಂದು ಒರಗಿ ನಿಂತ ಎತ್ತರದ ಕಾಂಕ್ರೀಟು ಮನೆಗಳು. ಕಿಟಕಿಗಳಿಗೆ ಗಾಜಿಲ್ಲ, ಬಾಗಿಲಿಲ್ಲ. ಸಾಲುಸಾಲು ಕಪ್ಪು ತೂತುಗಳು. ಇಳಿದು, ಕಟಕಟೆ ಹಾಕಿದ ಹಾದಿಯಲ್ಲಿ ನಡೆದೆವು. ಹದ್ದುಗಳು ತಲೆಯ ಮೇಲೆ ಸುತ್ತುತ್ತಿದ್ದವು. ಎಲ್ಲೋ ಮೇಲಿನ ಮಹಡಿಯಲ್ಲಿ ಕಿತ್ತುಹೋದ ಚೌಕಟ್ಟು ಗಾಳಿಗೆ ಬಡಿಯುತ್ತಿತ್ತು. ಒಳಗೆ ಯಾರೋ ಇದ್ದಾರೆ ಅನ್ನಿಸಿ ನಾನು ತಿರುತಿರುಗಿ ನೋಡುತ್ತಿದ್ದೆ.

ಗಣಿ ಇದ್ದದ್ದು ಸಮುದ್ರದ ತಳಕ್ಕಿಂತಲೂ ಕೆಳಗೆ ಎಂದು ಅಜ್ಜ ಹೇಳಿದ. ಗಂಡಸರು ಕಬ್ಬಿಣದ ಪಂಜರದಲ್ಲಿ ನಿಂತು ಇಳಿಯುತ್ತಿದ್ದರಂತೆ. ಯುದ್ಧದ ಕಾಲದಲ್ಲಿ ಕೊರಿಯಾದಿಂದ, ಚೀನಾದಿಂದ ಬಲವಂತವಾಗಿ ತಂದವರನ್ನೂ ಇಳಿಸುತ್ತಿದ್ದರು ಅನ್ನುವಾಗ ಅವನು ದನಿ ತಗ್ಗಿಸಿದ, ನೆಲ ನೋಡಿದ.

"ಕಾಯಿಪಲ್ಯ ಎಲ್ಲಿಂದ ತರ್ತಿದ್ರಂತ ಕೇಳ," ಅಂದಳು ಶಾಂತಕ್ಕ. ಅಂದು ಆಕೆ ಆಡಿದ ಮೊದಲ ಮಾತು ಅದು.

ದೋಣಿಯಲ್ಲಿ ಬರುತ್ತಿತ್ತು, ಬಿರುಗಾಳಿಯ ದಿನಗಳಲ್ಲಿ ಏನೂ ಬರುತ್ತಿರಲಿಲ್ಲ, ಹೆಂಗಸರು ಆಚೆ ದಂಡೆಯಿಂದ ಮಣ್ಣು ತರಿಸಿ ಮಾಳಿಗೆಯ ಮೇಲೆ ತೋಟ ಮಾಡಿದ್ದರು ಎಂದ ಅಜ್ಜ. ಶಾಂತಕ್ಕ ತಲೆದೂಗಿದಳು. ಆಮೇಲೆ, "ಅಪ್ಪ ಕೆಳಗ ಇಳದಾಗ ಇವರ ಅವ್ವ ಅಂಜತಿದ್ರೇನಂತ ಕೇಳ," ಅಂದಳು.

ಕೇಳಿದೆ. ತನ್ನ ಅವ್ವ ಅಂಜಿದ್ದನ್ನು ತಾನು ನೋಡಿಲ್ಲ ಅಂದ. ಆದರೆ ಅಪ್ಪ ಮೇಲೆ ಬರುವುದು ತಡವಾದ ದಿನ ಆಕೆ ತೊಳೆದ ಅಕ್ಕಿಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳಂತೆ. ಅದು ಅಂಜಿಕೆ ಎಂದು ತನಗೆ ತಿಳಿದದ್ದು ತಾನೇ ಮುದುಕನಾದ ಮೇಲೆ ಅಂದ.

ಇದನ್ನು ಕನ್ನಡದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಒಂದು ತೆರೆ ಗೋಡೆಗೆ ಬಡಿದು ನಮ್ಮ ಮೇಲೆ ಹನಿಯಾಗಿ ಬಿತ್ತು. ಅಜ್ಜನ ಸೊಂಟದ ವಾಕಿಟಾಕಿ ಗೊರಗೊರ ಅಂದಿತು. ಅವನ ಮುಖ ಬದಲಾಯಿತು. ಸಮುದ್ರ ಏಳುತ್ತಿದೆ, ಈಗಲೇ ಹೊರಡಬೇಕು ಅಂದ. ಜನ ಸದ್ದಿಲ್ಲದೆ ಸಾಲಾಗಿ ಬಿರಬಿರನೆ ನಡೆದರು. ಆ ಸದ್ದಿಲ್ಲದಿರುವಿಕೆಯೇ ನನ್ನನ್ನು ಇನ್ನಷ್ಟು ಹೆದರಿಸಿತು. ನಮ್ಮ ಕಡೆಯಾದರೆ ನಾಲ್ಕು ಜನ ಬಯ್ಯುತ್ತಿದ್ದರು, ಜೀವಕ್ಕೆ ಧೈರ್ಯ ಬರುತ್ತಿತ್ತು.

ನಾವು ಇಳಿದಿದ್ದ ಕಟ್ಟೆಗೆ ಬಂದು ನೋಡಿದರೆ ದೋಣಿ ಆಳೆತ್ತರ ಏಳುತ್ತಿತ್ತು, ಆಳೆತ್ತರ ಇಳಿಯುತ್ತಿತ್ತು. ಅದು ಕಟ್ಟೆಯ ಮಟ್ಟಕ್ಕೆ ಬಂದ ಕ್ಷಣದಲ್ಲಿ ದೋಣಿಯವರು ಒಬ್ಬೊಬ್ಬರನ್ನೇ ರೆಟ್ಟೆ ಹಿಡಿದು ಒಳಗೆ ಎಳೆದುಕೊಳ್ಳುತ್ತಿದ್ದರು. ನಡುವೆ ಬಾಯಿ ತೆರೆಯುವ ಸಂದಿನಲ್ಲಿ ನೀರು ಹಸಿರಾಗಿ ಕುದಿಯುತ್ತಿತ್ತು. ಎಲ್ಲರೂ ಹತ್ತಿದರು. ಕೊನೆಗೆ ಉಳಿದವರು ನಾವಿಬ್ಬರು ಮತ್ತು ಅಜ್ಜ.

ಶಾಂತಕ್ಕ ಕಟಕಟೆಯನ್ನು ಎರಡೂ ಕೈಯಿಂದ ತಬ್ಬಿಕೊಂಡಿದ್ದಳು. ತುಟಿಯಲ್ಲಿ ರಕ್ತವಿರಲಿಲ್ಲ.

"ನಾ ಬರೂದಿಲ್ಲ. ನೀ ಹೋಗ."

"ಅಕ್ಕಾರ, ಹಿಂಗಂದ್ರ ಹೆಂಗ್ರಿ? ಇಲ್ಲಿ ಯಾರದಾರ?"

"ನೀರ ಹಿಂಗ ಸಪ್ಪಳ ಮಾಡತಿತ್ತ, ತಂಗಿ. ಅವತ್ತ ನಾ ದಂಡಿ ಮ್ಯಾಲ ಇದ್ದೆ. ಕೂಗಿ ಕೂಗಿ ಹೇಳಿದೆ, ಬರಬ್ಯಾಡ್ರಿ ಅಂತ. ಅವರು ಕೈ ಮಾಡಿದ್ರ. ಬಂದೆ ಅಂತ."

ಭಾವನವರು ಹೋದ ದಿನ ಆಕೆ ಮನೆಯಲ್ಲಿದ್ದಳೆಂದು ನಾವೆಲ್ಲ ಇಷ್ಟು ವರ್ಷ ನಂಬಿದ್ದೆವು. ಆಕೆ ಕಣ್ಣಾರೆ ನೋಡಿದ್ದಳು. ದೋಣಿ ಭೋಂಗಾ ಊದಿತು. ಧೈರ್ಯದ ಮಾತು ಯಾವುದಾದರೂ ಹೇಳಬೇಕಿತ್ತು. ನನ್ನ ಹತ್ತಿರ ಇದ್ದರೆ ತಾನೆ? ನಾನು ಗಳಗಳ ಅತ್ತುಬಿಟ್ಟೆ. "ನಂಗೂ ಕಾಲಾಗ ಬಲಾ ಇಲ್ರಿ ಅಕ್ಕಾರ. ನಾ ಒಬ್ಬಾಕಿನ ದಾಟಾಕ ಆಗೂದಿಲ್ಲ. ನೀವು ಬರಲಿಲ್ಲಂದ್ರ ನಾನೂ ಇಲ್ಲೇ ಇರತೀನಿ," ಅಂದೆ. ಹೆದರಿಸಲು ಹೇಳಿದ್ದಲ್ಲ, ಖರೇ ಮಾತು.

ಆಗ ಅಜ್ಜ ಬಂದು, ಸಮುದ್ರಕ್ಕೆ ಬೆನ್ನು ಮಾಡಿ, ಆಕೆಗೂ ನೀರಿಗೂ ನಡುವೆ ನಿಂತ. ತನ್ನ ಕೋಟನ್ನು ಎರಡೂ ಕಡೆ ಅಗಲಿಸಿ ಹಿಡಿದ. ಆಕೆಗೆ ಕೋಟು ಬಿಟ್ಟು ಬೇರೇನೂ ಕಾಣದ ಹಾಗೆ. ಜಪಾನಿಯಲ್ಲಿ ಮೆಲ್ಲಗೆ ಏನೋ ಹೇಳುತ್ತ ಒಂದೊಂದೇ ಹೆಜ್ಜೆ ಹಿಂದೆ ಸರಿದ. ಶಾಂತಕ್ಕ ನನ್ನ ಕಡೆ ನೋಡಿದಳು. ಕಟಕಟೆ ಬಿಟ್ಟು ನನ್ನ ಮಣಿಕಟ್ಟು ಹಿಡಿದಳು. ಬಳೆ ಒಡೆದು ಚರ್ಮಕ್ಕೆ ಚುಚ್ಚಿತು. ಅಜ್ಜನ ಕೋಟಿನ ಹಿಂದೆ ನಾವು ನಡೆದೆವು. ಯಾರೋ ರೆಟ್ಟೆ ಹಿಡಿದರು, ಕಾಲ ಕೆಳಗೆ ಒಂದು ಕ್ಷಣ ಏನೂ ಇರಲಿಲ್ಲ, ಆಮೇಲೆ ದೋಣಿಯ ಹಲಗೆ ಇತ್ತು.

ಹಿಂದಿರುಗುವ ದಾರಿ ತುಂಬ ನಾನು ವಾಂತಿ ಮಾಡಿದೆ. ಡೀಸೆಲ್ ಹೊಗೆ ಒಳಗೇ ಸುತ್ತುತ್ತಿತ್ತು. ದೋಣಿ ಒಂದು ಮಗ್ಗುಲಿಗೆ ವಾಲಿದಾಗಲೆಲ್ಲ ಇನ್ನು ಏಳುವುದಿಲ್ಲ ಅನ್ನಿಸುತ್ತಿತ್ತು. ಶಾಂತಕ್ಕ ನನ್ನ ಹಣೆ ಹಿಡಿದುಕೊಂಡು, ಕಣ್ಣು ಮುಚ್ಚಿ, ಆ ದಿನದ ಸಂಗತಿಯನ್ನೆಲ್ಲ ಹೇಳಿದಳು. ಕೂಗಿದ್ದು ಅವರಿಗೆ ಕೇಳಿಸಲಿಲ್ಲವೋ, ಬರ್ರಿ ಎಂದು ಕೇಳಿಸಿತೋ ಎಂಬ ಒಂದೇ ಪ್ರಶ್ನೆ ಆಕೆಯನ್ನು ಅಂದಿನಿಂದ ತಿನ್ನುತ್ತಿತ್ತು. ಅದಕ್ಕೇ ಯಾರಿಗೂ ಹೇಳಿರಲಿಲ್ಲ.

ಬಂದರಿನಲ್ಲಿ ವಿಜಯಾ ಕೆಲಸದ ಬಟ್ಟೆಯಲ್ಲೇ ಓಡಿಬಂದಿದ್ದಳು. ಗಾಳಿಯ ಸುದ್ದಿ ಕೇಳಿ ಅವಳ ಮುಖ ಬಿಳಿಚಿತ್ತು. ಅಲ್ಲೇ, ಒದ್ದೆ ಬೆಂಚಿನ ಮೇಲೆ, ಶಾಂತಕ್ಕ ಮಗಳಿಗೂ ಎಲ್ಲ ಹೇಳಿದಳು. ಹುಡುಗಿ ಅವ್ವನ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು.

"ನಾನೂ ಅಂಜತೀನವ್ವಾ ಇಲ್ಲಿ," ಅಂದಳು. "ನೆಲಾ ನಡಗಿದಾಗೆಲ್ಲ ಮ್ಯಾಜಿನ ಬುಡಕ ಕುಂದರತೀನಿ. ನಿನಗ ಗೊತ್ತಾದ್ರ ಕಾಳಜಿ ಮಾಡ್ತಿ ಅಂತ ಹೇಳಿದ್ದಿಲ್ಲ."

"ಹಂಗಾರ ಮನಿಗೆ ಬಾ."

"ಒಲ್ಲೆ."

"ಆತ ಬಿಡ. ಆದ್ರ ನಡಗಿದಾಗ ಫೋನ್ ಮಾಡ," ಅಂದಳು ಶಾಂತಕ್ಕ.

ಈಗ ನೆಲ ನಡುಗಿದಾಗ ವಿಜಯಾ ಅವ್ವನಿಗೆ ಫೋನ್ ಮಾಡುತ್ತಾಳೆ. ಶಾಂತಕ್ಕ ಪಾರಿಶ್ವಾಡದಿಂದ ನನಗೆ ಮಾಡುತ್ತಾಳೆ. ರವಿವಾರ ಪೇಟೆಯಲ್ಲಿ ನಾನು ದೇವರ ಮುಂದೆ ಕೂರುತ್ತೇನೆ. ಹೀಗೆ ಮೂವರೂ ಕೂಡಿ ಅಂಜುತ್ತೇವೆ.

ಆಟೋ ನಗರದಿಂದ ಬಂದ ಮರುದಿನ ಯಾಕೋ ತಡೆಯಲಾರದೆ ಖಾನಾಪುರದ ಬಸ್ಸು ಹತ್ತಿ, ಅಲ್ಲಿಂದ ಪಾರಿಶ್ವಾಡಕ್ಕೆ ಹೋದೆ. ಜೋಳದ ರೊಟ್ಟಿ ತಿಂದಾದ ಮೇಲೆ ಶಾಂತಕ್ಕ ಚಪ್ಪಲಿ ಮೆಟ್ಟಿಕೊಂಡು "ಬಾ, ಹೊಳಿ ತನಕ ಹೋಗಿ ಬರೂಣು," ಅಂದಳು. ತಗ್ಗು ಸೇತುವೆಯ ಜಾಗದಲ್ಲಿ ಈಗ ಎತ್ತರದ್ದು ಬಂದಿದೆ. ಮಲಪ್ರಭೆ ಕೆಂಪಾಗಿ, ತುಂಬಿ, ಗುಡುಗುಡು ಅನ್ನುತ್ತ ಹೋಗುತ್ತಿದ್ದಳು. ಶಾಂತಕ್ಕ ಸೇತುವೆಯ ನಡುಮಧ್ಯೆ ನಿಂತು ಕೆಳಗೆ ನೋಡಿದಳು.

"ಅವರಿಗೆ ಈಜ ಚಲೋ ಬರ್ತಿತ್ತ," ಅಂದಳು. "ಮದಿವ್ಯಾದ ವರ್ಷ ನಂಗೂ ಕಲಸ್ತೀನಿ ಅಂತ ಇಲ್ಲೇ ಕರ್ಕೊಂಡ ಬಂದಿದ್ರ. ಸೀರಿ ತೊಯ್ತೈತಿ, ಒಲ್ಲೆ ಅಂದೆ. ದಂಡಿ ಮ್ಯಾಲ ಕುಂತು ಶೇಂಗಾ ತಿಂದು ವಾಪಸ್ ಬಂದ್ವಿ."

ಹೇಳುತ್ತ ನಕ್ಕಳು. ಭಾವನವರ ಬಗ್ಗೆ ಆಕೆ ನಗುತ್ತ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಒಂದು ಟ್ರ್ಯಾಕ್ಟರ್ ಹಾದುಹೋಯಿತು, ಸೇತುವೆ ಅದುರಿತು. "ಹೋಗೂಣೇನ್ರಿ ಅಕ್ಕಾರ? ನಂಗ ಅಂಜಿಕಿ ಬರಾಕತ್ತೈತಿ," ಅಂದೆ.

"ನಂಗೂ ಬರಾಕತ್ತೈತಿ," ಅಂದಳು ಶಾಂತಕ್ಕ. "ಇನ್ನೊಂದ ಸ್ವಲ್ಪ ನಿಂದರ."

ನಿಂತೆವು.