ಬೆವರಿದ ಸಿಲಿಂಡರು

ಎಂಬತ್ತರ ದಶಕದ ಮದ್ರಾಸಿನಲ್ಲಿ ನಲ್ಲಿಗೆ ನೀರು ಬರುವುದಕ್ಕೂ ಮನೆಗೆ ಗ್ಯಾಸ್ ಬರುವುದಕ್ಕೂ ಒಂದೇ ಬಗೆಯ ತಪಸ್ಸು ಬೇಕಿತ್ತು. ನಮ್ಮ ಸಿಲಿಂಡರು ಬಂದದ್ದು ದೀಪಾವಳಿಯ ನಂತರದ ಮಳೆಯಲ್ಲಿ. ನನಗೆ ಒಂಬತ್ತು ವರ್ಷ ಎಂದು ಬರೆಯುತ್ತೇನೆ, ಹತ್ತೂ ಇರಬಹುದು. ಅದಕ್ಕಾಗಿ ಅಮ್ಮ ನಾಲ್ಕು ವರ್ಷ ಕಾದಿದ್ದಳು. ಮರದ ಹೊಟ್ಟಿನ ಒಲೆ ಅವಳಿಗೆ ಕೆಂಪು ಕಣ್ಣನ್ನೂ ಬಿಡದ ಕೆಮ್ಮನ್ನೂ ಕೊಟ್ಟಿತ್ತು.

ಸಿಲಿಂಡರನ್ನು ಇಳಿಸಿದಾಗ ಒಳಗೆ ಏನೋ ಕುಲುಕಿತು. ಮೈಸೂರಿನ ನಮ್ಮ ಅಜ್ಜಿ ಕಿವಿಗೊಟ್ಟು ಕೇಳಿ ಅಣ್ಣನ ಕಡೆ ತಿರುಗಿದಳು.

"ಹಾಲಿನವನ ಹಾಗೆ ಇವನೂ ನೀರು ಬೆರೆಸಿದ್ದಾನೆ ಕಣೋ! ಸೋಮವಾರ ವಾಪಸ್ ಕಳಿಸು."

ಮನೆಯಲ್ಲಿ ಅಜ್ಜಿಯ ಮಾತೇ ಕೊನೆಯದು. ಅಮ್ಮ ಸಣ್ಣ ದನಿಯಲ್ಲಿ, "ಭಾನುವಾರ ಒಂದು ದಿನ ಉರಿಸಿ ನೋಡೋಣ ಅತ್ತೆ" ಎಂದಳು.

ಅಣ್ಣ ಆಗ ಗಿಂಡಿಯ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. "ಅದು ನೀರಲ್ಲ ಅಜ್ಜಿ, ಗ್ಯಾಸೇ. ಬೆಳಿಗ್ಗೆ ನಮ್ಮ ಎಲೆಕ್ಟ್ರಿಕ್ ಟ್ರೇನಲ್ಲಿ ಜನಾನ ತುಂಬ್ತಾರಲ್ಲ, ಹಾಗೆ ಒತ್ತಿದ್ರೆ ಗ್ಯಾಸು ನೀರಿನ ಥರ ಆಗತ್ತೆ."

"ಮತ್ತೆ ಆ ಜನ ಯಾಕೆ ನೀರಾಗಲ್ಲ?"

"ಆಗ್ತಾರಲ್ಲ, ಬೆವರಿ! ಗ್ಯಾಸನ್ನ ಇನ್ನೂ ತಣ್ಣಗೆ ಮಾಡಿದ್ರೆ ಕಲ್ಲೇ ಆಗೋಗತ್ತೆ."

"ಹಾಗಾದ್ರೆ ಕಲ್ಲೇ ಕೊಡಕ್ಕೆ ಹೇಳು. ತೂಕ ಹಾಕಿ ತಗೋಬಹುದು."

ಭಾನುವಾರ ಗ್ಯಾಸಿನ ಎರಡೂ ಒಲೆ ದೊಡ್ಡ ಉರಿಯಲ್ಲಿ ಉರಿದವು, ಒಂದರ ಮೇಲೆ ಸ್ನಾನದ ನೀರು, ಇನ್ನೊಂದರ ಮೇಲೆ ಹುಳಿಯ ಬೇಳೆ. ಎರಡು ಗಂಟೆಯಲ್ಲಿ ಸಿಲಿಂಡರಿನ ಕೆಳಭಾಗದ ತುಂಬ ಹನಿಗಳು ಮೂಡಿದ್ದವು.

"ಸೋರ್ತಿದೆ! ನಾನು ಹೇಳಲಿಲ್ವೇನೇ?" ಅಜ್ಜಿ ಗೆದ್ದಿದ್ದಳು. ಅಮ್ಮ ಸೌಟು ಹಿಡಿದು ಕಲ್ಲಾಗಿ ನಿಂತಳು.

ಅಣ್ಣ ಒಂದು ಹನಿಯನ್ನು ಬೆರಳಲ್ಲಿ ತೆಗೆದು ಅಜ್ಜಿಯ ಮೂಗಿಗೆ ಹಿಡಿದ. "ವಾಸನೆ ಇದೆಯಾ?"

"ಇಲ್ಲ."

"ಇದು ಒಳಗಿಂದಲ್ಲ, ನಮ್ಮ ಮದ್ರಾಸಿನ ಗಾಳೀದು. ಒಳಗಿರೋದು ಮತ್ತೆ ಗ್ಯಾಸಾಗಿ ಹೋಗ್ತಾ ಇದರ ಮೈ ತಣ್ಣಗಾಗತ್ತೆ. ಗಾಳೀಲಿರೋ ಆವಿ ಬಂದು ತಗುಲಿ ನೀರಾಗತ್ತೆ. ಒರೆಸಿ ನೋಡು, ಮತ್ತೆ ಬರತ್ತೆ."

ಅಜ್ಜಿ ಸೆರಗಿನಿಂದ ಒರೆಸಿ ಕಾದಳು. ಹನಿಗಳು ಬಂದವು. ಅಂಗೈ ಇಟ್ಟು ಮೆಲ್ಲಗೆ ಮೇಲಕ್ಕೆ ಸರಿಸಿದಳು. ಒಂದು ಗೆರೆಯವರೆಗೆ ತಂಪು, ಅದರಾಚೆಗೆ ಇಲ್ಲ.

"ಅಂದ್ರೆ ಇಲ್ಲೀವರೆಗೂ ಇದೆ, ಅಲ್ವೇನೋ?"

"ಹೂಂ."

ಅಜ್ಜಿ ಅಮ್ಮನ ಕಡೆ ತಿರುಗಿದಳು. "ಇದರಲ್ಲೇ ಕಾಫಿ ಕಾಯಿಸೇ."

ಅಮ್ಮ ಆಗ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳೆಂದು ನನ್ನ ನೆನಪು. ಎಷ್ಟೋ ವರ್ಷದ ನಂತರ ಕೇಳಿದಾಗ ಅವಳು ನಕ್ಕಳು: "ಹೊಗೇನೇ ಇರಲಿಲ್ಲ, ಯಾಕೆ ಒರೆಸ್ಕೊಳ್ಳಲಿ?" ಯಾರದು ನಿಜವೋ ತಿಳಿಯದು.

ಒಂದು ಮಾತ್ರ ಖಚಿತ, ಅದನ್ನು ನಾನು ಹಲವು ಸಲ ಕಂಡಿದ್ದೇನೆ. ಅಂದಿನಿಂದ ಹಬ್ಬದ ಅಡುಗೆಯ ನಡುವೆ ಅಜ್ಜಿ, "ಬಾರೇ, ನೀನೂ ಕೈ ಇಟ್ಟು ನೋಡು" ಎಂದು ಅಮ್ಮನನ್ನು ಕರೆಯುತ್ತಿದ್ದಳು. ಈಗ ಇಬ್ಬರೂ ಇಲ್ಲ. ನನ್ನ ಅಡುಗೆಮನೆಗೆ ಗ್ಯಾಸು ಕೊಳವೆಯಲ್ಲಿ ಬರುತ್ತದೆ. ಕುಲುಕುವುದಿಲ್ಲ, ಬೆವರುವುದಿಲ್ಲ, ಎಷ್ಟು ಉಳಿದಿದೆ ಎಂದು ಯಾರೂ ಮುಟ್ಟಿ ನೋಡಬೇಕಿಲ್ಲ. ಆ ಒದ್ದೆ ಕಬ್ಬಿಣದ ಮೇಲಲ್ಲದೆ ಬೇರೆಲ್ಲೂ ಆ ಅತ್ತೆ ಸೊಸೆಯ ಕೈಗಳು ಅಷ್ಟು ಹತ್ತಿರ ಇದ್ದುದನ್ನು ನಾನು ಕಾಣೆ.