ಗುಡುಗಿಗೆ ಕಿತ್ತ ಕೇಬಲ್

ಗೆಳೆಯರೇ, ಇವತ್ತು ಮಧ್ಯಾಹ್ನ ನಡೆದದ್ದನ್ನು ಕೇಳಿ. ಸರ್ಕಾರಿ ಕಂಪ್ಯೂಟರ್‌ಗಳಿಗೆ ವೈರಸ್ ನುಗ್ಗಿದರೆ ತಡೆಯುವುದು ನನ್ನ ಕೆಲಸ. ಹೊಸನಗರದ ಕಚೇರಿಯೊಂದರ ಕಂಪ್ಯೂಟರಿಗೆ, ಫೈಲುಗಳನ್ನೆಲ್ಲ ತೆರೆಯದಂತೆ ಮಾಡುವ ವೈರಸ್ ಹೊಕ್ಕಿತ್ತು. ಅಲ್ಲಿಂದ ಜಿಲ್ಲೆಗೆಲ್ಲ ಹರಡಲು ಎಷ್ಟು ಹೊತ್ತು? ಫೋನ್ ಮಾಡಿ ಕೂಗಿದೆ: "ಮೇಡಂ, ಮೊದಲು ನೆಟ್ ಕೇಬಲ್ ಕಿತ್ತುಬಿಡಿ!"

"ಆಗ್ಲೇ ಕಿತ್ತಾಯ್ತಲ್ಲ ಸಾರ್," ಎಂದರು ಅಲ್ಲಿನ ಗುಮಾಸ್ತೆ. "ಗುಡುಗು ಶುರುವಾಯ್ತು. ಹೋದ್ ಸಲ ಮೋಡೆಮ್ಮೇ ಸುಟ್ಟೋಗಿತ್ತು."

ಜಿಲ್ಲೆಯ ಉಳಿದ ಕಂಪ್ಯೂಟರ್‌ಗಳನ್ನು ಪರಿಶೀಲಿಸಿದೆ. ವೈರಸ್ ಆ ಒಂದೇ ಕಂಪ್ಯೂಟರಿನಲ್ಲಿ ಸಿಕ್ಕಿಬಿದ್ದಿತ್ತು. ಅಬ್ಬಾ ಎಂದು ಕುರ್ಚಿಗೆ ಒರಗಿದೆ. ಅಷ್ಟರಲ್ಲಿ ಆಕೆ ಕೇಳಿದರು: "ಈಗ ಗುಡುಗು ನಿಂತಿದೆ, ವಾಪಸ್ ಹಾಕ್ಲಾ?"

"ಬೇಡ! ನಾವು ಬರೋವರೆಗೂ ಗುಡುಗ್ತಾನೇ ಇದೆ ಅಂದ್ಕೊಳ್ಳಿ!"

‘ಸಕಾಲದಲ್ಲಿ ಕ್ರಮ ಕೈಗೊಳ್ಳಲಾಯಿತು’ ಎಂದು ವರದಿ ಕಳಿಸಿದ್ದೇನೆ. ಗುಡುಗಿನ ಹುದ್ದೆ ಯಾವುದೆಂದು ತಿಳಿಯದೆ ಕ್ರಮ ಕೈಗೊಂಡವರ ಹೆಸರು ಮಾತ್ರ ಬರೆಯದೆ ಬಿಟ್ಟಿದ್ದೇನೆ.