ರಾಮಾಂಜಿನಮ್ಮನ ಜುಲೈ ಒಂದು

ರಾಮಾಂಜಿನಮ್ಮ ತೋವಿನಕೆರೆಯಲ್ಲಿರುವ ನಮ್ಮ ಸಂಸ್ಥೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯವಳು. ಪಾವಗಡದ ಕಡೆಯವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಮಗಳನ್ನು ತಂಗಿಯ ಮನೆಯಲ್ಲಿ ಬಿಟ್ಟು ಕೆಲಸಕ್ಕೆ ಬಂದಳು. ಸಂಬಳಕ್ಕೆಂದು ನಾನು ಗುಮಾಸ್ತೆಯಾಗಿರುವ ಮಧುಗಿರಿಯ ಕಚೇರಿಗೆ ಬಂದಾಗಲೆಲ್ಲ ನನ್ನ ಮಗಳಿಗೆ ಹುರಿದು ಬೀಸಿದ ರಾಗಿ ಸರಿಹಿಟ್ಟು ತರುತ್ತಾಳೆ. ಮನೆಯಲ್ಲಿ ನೋಡಿಕೊಳ್ಳುವವರಿಲ್ಲದೆ ಕೂಸು ನನ್ನ ಮೇಜಿನ ಪಕ್ಕದಲ್ಲೇ ಮಲಗುತ್ತದೆ. ಬಂದವಳು ಮೊದಲು ಅದನ್ನೆತ್ತಿಕೊಂಡು ಮೂಗಿನಿಂದ ಹೊಟ್ಟೆಗೆ ಕಚಗುಳಿಯಿಟ್ಟು, ಆಮೇಲೆ ನನ್ನನ್ನು ಮಾತನಾಡಿಸುವುದು.

ಈ ವರ್ಷ, ಎಂಬತ್ತೆಂಟರಲ್ಲಿ, ಕಚೇರಿಗೆ ಕಂಪ್ಯೂಟರ್ ಬಂತು. ಸಂಸ್ಥೆಗೆ ಸರ್ಕಾರದ ಅನುದಾನ ಸಿಗಲಿದೆ. ಐದು ವರ್ಷ ಎಡೆಬಿಡದೆ ದುಡಿದವರು ಕಾಯಂ ಪಟ್ಟಿಗೆ, ಉಳಿದವರು ತಿಂಗಳ ಕೊನೆಗೆ ಮನೆಗೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಹಾಸ್ಟೆಲುಗಳ ಕರಾರು ಆದೇಶಗಳನ್ನೆಲ್ಲ ಕಂಪ್ಯೂಟರಿಗೆ ಊಡುವ ಕೆಲಸ ನನಗೆ ಬಿತ್ತು. ಮೊದಲ ಆದೇಶಕ್ಕೆ ಒಂದು ನಂಬರು. ಅದರ ಮುಂದುವರಿಕೆ, ತಿದ್ದುಪಡಿಗಳನ್ನೆಲ್ಲ ಅದೇ ನಂಬರಿಗೆ ಕೊಂಡಿ ಹಾಕಬೇಕು.

ಕೊಳಾಲದಿಂದ ತೋವಿನಕೆರೆಗೆ ವರ್ಗವಾದ ರಾಮಾಂಜಿನಮ್ಮನ ತಿದ್ದುಪಡಿ ಆದೇಶ ಸರಾಗವಾಗಿ ಸೇರಿತು. ಮುಂದುವರಿಕೆಗಳು ಸೇರಲಿಲ್ಲ. ಒಂದೊಂದಕ್ಕೂ ಯಂತ್ರ ಕುಯ್ಯೆಂದು ಕೂಗಿ ಹೊಸ ನಂಬರು ಕೊಟ್ಟಿತು. ಎಂಬತ್ತೊಂದರಿಂದ ದುಡಿದವಳು ಈ ಜುಲೈಯಲ್ಲಿ ಕೆಲಸಕ್ಕೆ ಸೇರಿದವಳಾಗಿ ತೆರೆಯ ಮೇಲೆ ನಿಂತಳು.

ಕಾರಣ ಹುಡುಕಬೇಕಾಗಿರಲಿಲ್ಲ. ನಮ್ಮಲ್ಲಿ ಅಡುಗೆಯವರ ಕರಾರು ಮುಗಿಯುವುದು ಜೂನ್ ಮೂವತ್ತಕ್ಕೆ, ಹೊಸ ಆದೇಶ ಜುಲೈ ಎರಡರಿಂದ. ನಡುವಿನ ದಿನವನ್ನು ಬೇಕೆಂದೇ ಬಿಡುತ್ತಾರೆ, ಯಾರೂ ಕಾಯಂ ಕೇಳಬಾರದೆಂದು; ಆ ಒಂದು ದಿನ ಖಾಲಿಯಿದ್ದರೆ ಯಂತ್ರಕ್ಕೆ ಕೊಂಡಿ ಕಡಿದ ಹಾಗೆ. ಬಾಯಿಮಾತಿನಲ್ಲಿ ಅದಕ್ಕೆ ‘ಬ್ರೇಕು’. ಅಡುಗೆಯವರಲ್ಲಿ ಐದು ವರ್ಷ ದಾಟಿದವಳು ಇವಳೊಬ್ಬಳೇ.

ಹೆಡ್‌ಗುಮಾಸ್ತ ಬಸವಲಿಂಗಯ್ಯನವರು ತೆರೆ ನೋಡಿ ನಕ್ಕರು. “ಎಂಟು ಜನ ರಾಮಾಂಜಿನಮ್ಮಂದಿರು! ಅಷ್ಟು ಜನ ಸೇರಿದ್ರೂ ಸಾರಿಗೆ ಉಪ್ಪು ಸರಿಯಾಗಿ ಬೀಳ್ಲಿಲ್ಲವಲ್ಲಮ್ಮ.”

“ಅವ್ಳು ಬ್ರೇಕಿನ ದಿನಾನೂ ಅಡುಗೆ ಮಾಡ್ತಾಳೆ ಸಾರ್. ಹುಡುಗೀರು ಉಪವಾಸ ಇರ್ತಾರಾ?”

ಅವರ ನಗು ನಿಂತಿತು. “ಸೆಕ್ರೆಟರಿ ಅಮ್ಮೋರನ್ನ ಕೇಳು. ಪಟ್ಟಿ ಇವತ್ತು ಸಂಜೆ ಬಸ್ಸಿಗೆ ತುಮಕೂರಿಗೆ ಹೋಗ್ಬೇಕು ನೋಡು.”

ಕಾರ್ಯದರ್ಶಿ ಸರ್ವಮಂಗಳಾ ಅವರು ಕೆಟ್ಟವರಲ್ಲ. ಒಂದೊಂದು ಕರಾರಿನ ಕೊನೆಯ ದಿನವನ್ನು ಜುಲೈ ಒಂದಕ್ಕೆ ತಿದ್ದಿ ಆದೇಶ ಕೊಡಲು ಒಪ್ಪಿದರು. ಆದರೆ ಪ್ರತಿ ವರ್ಷಕ್ಕೂ ಅವಳ ಹೇಳಿಕೆ ಬೇಕು: ಆ ದಿನ ಹಾಸ್ಟೆಲಿನಲ್ಲಿ ಕೆಲಸ ಮಾಡಿದ್ದೇನೆ ಎಂದು, ಹೆಬ್ಬೆಟ್ಟಿನೊಂದಿಗೆ.

ಹೇಳಿ ಕಳಿಸಿದೆ. ಮಧ್ಯಾಹ್ನದ ಬಸ್ಸಿಗೆ ಬಂದಳು, ಕೈಗೆ ಹಿಟ್ಟು ಮೆತ್ತಿದ ಹಾಗೆಯೇ, ಕಂಕುಳಲ್ಲಿ ಸರಿಹಿಟ್ಟಿನ ಡಬ್ಬಿ.

“ಏಂದಮ್ಮಾಯಿ, ನಿನ್ನ ಮಿಷಿನ್ನು ನನ್ನ ತಿಂದ್ಬುಡ್ತಂತೆ?”

“ಇನ್ನೂ ಬಾಯಲ್ಲಿದೀಯ. ಬೇಗ ಒತ್ತು.”

ನಾನು ಓದಿ ಹೇಳಿದೆ, ಅವಳು ಒತ್ತಿದಳು. ಎಂಬತ್ತೆರಡು, ಎಂಬತ್ತಮೂರು, ಎಂಬತ್ತನಾಲ್ಕು. ಎಂಬತ್ತೈದು ಎಂದಾಗ ಹೆಬ್ಬೆರಳು ಮಡಚಿಕೊಂಡಳು.

“ಅವತ್ತು ನಾನು ಇಲ್ಲಿರ್ಲಿಲ್ಲ ಕಣಮ್ಮ.”

ನನಗೆ ಗೊತ್ತಿತ್ತು, ಆದರೆ ದಿನ ಹೊಂದಿಸಿ ನೋಡಿರಲಿಲ್ಲ. ಅವಳ ಮಗಳಿಗೆ ಹೆರಿಗೆ ನೋವು ಶುರುವಾಗಿದೆ ಎಂದು ಊರಿಂದ ಹೇಳಿ ಕಳಿಸಿದ್ದರು. ನಾಳೆ ಹೇಗೂ ಬ್ರೇಕು, ಯಾರ ಅಪ್ಪಣೆಯೂ ಬೇಡವೆಂದು ಮೂವತ್ತರ ಸಂಜೆ ಒಲೆ ಆರಿಸಿ ಹೊರಟಿದ್ದಳು. ಮಾರನೆಯ ದಿನ ಹುಡುಗಿಯರು ಅವಲಕ್ಕಿ ತಿಂದರು. ಅಲ್ಲಿ ಮೊಮ್ಮಗಳು ಹುಟ್ಟಿದಳು, ಮಗಳು ಉಳಿಯಲಿಲ್ಲ. ಆ ಮೊಮ್ಮಗಳು ಈಗಲೂ ಬೆಳೆಯುತ್ತಿರುವುದು ಇವಳ ಸಂಬಳದಲ್ಲೇ.

ಮತ್ತೆ ಸರ್ವಮಂಗಳಾ ಅವರ ಕೋಣೆಗೆ ಓಡಿದೆ. ಅದೊಂದು ದಿನವನ್ನು ರಜೆ ಎಂದು ತೋರಿಸಿ ಎಂದು ಬೇಡಿಕೊಂಡೆ.

“ಕರಾರಿನವರಿಗೆ ರಜೆ ಎಲ್ಲಿದೆಯಮ್ಮ? ಅವತ್ತು ಅವಳು ನಮ್ಮ ಕೆಲಸದಲ್ಲೇ ಇರಲಿಲ್ಲ. ಇಲ್ಲದವಳಿಗೆ ರಜೆ ಕೊಡೋರು ಯಾರು? ಇದ್ದೆ ಅಂತ ಒತ್ತಲಿ, ನಾನು ಸಹಿ ಹಾಕ್ತೀನಿ. ಯಾರು ಬಂದು ಕೇಳ್ತಾರೆ?”

ವಾಪಸು ಬಂದು ಅವಳ ಮುಂದೆ ಕುಕ್ಕರಿಸಿದೆ. “ಒಂದೇ ಒಂದು ಹೆಬ್ಬೆಟ್ಟು ರಾಮಾಂಜಿನಮ್ಮ. ಆ ಮಗೂಗೋಸ್ಕರ.”

“ಆ ಮಗೂಗೋಸ್ಕರವೇ ಹೇಳ್ತಿರೋದು.” ನನ್ನ ಕೂಸು ಅವಳ ಹೆಗಲ ಮೇಲಿತ್ತು. “ದೊಡ್ಡೋಳಾಗಿ ಕೇಳ್ತಾಳೆ, ನಮ್ಮಮ್ಮ ಹೋದಾಗ ಯಾರಿದ್ರು, ನನ್ನ ಮೊದ್ಲು ಎತ್ಕಂಡಿದ್ದು ಯಾರು ಅಂತ. ನಾನಿದ್ದೆ ಅಂತೀನಿ. ಇಲ್ಲಿ ಕಾಗ್ದದಾಗೆ ತೋವಿನಕೆರೆನಾಗೆ ಸಾರು ಕುದಿಸ್ತಿದ್ದೆ ಅಂತ ಇರ್ಬೇಕಾ?”

“ಅವ್ಳು ಈ ಕಾಗದ ಎಲ್ಲಿ ನೋಡ್ತಾಳೆ?”

“ನಾನು ನೋಡಿದ್ನಲ್ಲಾ.”

ಬೈದೆ, ಅತ್ತುಬಿಟ್ಟೆ. ಅವಳ ಕೈ ಹಿಡಿದು ಇಂಕುಪ್ಯಾಡಿನವರೆಗೆ ಎಳೆದೆ ಕೂಡ. ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಮುಷ್ಟಿ ಮಾತ್ರ ಬಿಚ್ಚಲಿಲ್ಲ. ಕೂಸು ಹೆದರಿ ಚೀರಿತು. ಆಗ ನಾನೇ ಬಿಟ್ಟೆ.

ಎಂಬತ್ತಾರು, ಎಂಬತ್ತೇಳು, ಎಂಬತ್ತೆಂಟಕ್ಕೆ ತಾನಾಗಿಯೇ ಒತ್ತಿದಳು. ತಿದ್ದುಪಡಿಗಳು ಬಂದವು, ಕೊಂಡಿಗಳು ಕೂತವು. ಎಂಟು ಜನ ಹೋಗಿ ಇಬ್ಬರಾದರು. ಮೊದಲನೆಯವಳು ಎಂಬತ್ತೈದರ ಜೂನ್ ಮೂವತ್ತಕ್ಕೆ ಮುಗಿದಳು, ಎರಡನೆಯವಳಿಗೆ ಮೂರು ವರ್ಷ ಚಿಲ್ಲರೆ. ಪ್ರಿಂಟರು ಕರಕರನೆ ಪಟ್ಟಿ ಹೊರಹಾಕಿತು. ಅದರಲ್ಲಿ ಅವಳಿರಲಿಲ್ಲ. ಬಸವಲಿಂಗಯ್ಯನವರು ಲಕೋಟೆ ಅಂಟಿಸಿ ಬಸ್ ನಿಲ್ದಾಣಕ್ಕೆ ನಡೆದರು.

ಪಾವಗಡದಲ್ಲಿ ಬಾಲವಾಡಿ ನಡೆಸುವ ನನ್ನ ಗೆಳತಿಗೆ ಎರಡು ಸಾಲು ಬರೆದು ರಾಮಾಂಜಿನಮ್ಮನ ಕೈಗಿಟ್ಟೆ. ಅಲ್ಲಿ ಅಡುಗೆಯವರು ಬೇಕೋ ಬೇಡವೋ ನನಗೆ ಗೊತ್ತಿಲ್ಲ. ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು.

“ಆ ದಿನ ಮಿಷಿನ್ನಾಗೆ ಹೆಂಗೈತೆ ಈಗ?”

“ಖಾಲಿ ಇದೆ.”

“ಇರ್ಲಿ ಬುಡು. ಹಿಟ್ಟು ತಿಂಗ್ಳಿಗಾಗೋಷ್ಟೇ ತಂದಿದೀನಿ. ಸಣ್ಣ ಉರಿಯಾಗೆ ಹುರೀಬೇಕು ಅಮ್ಮಾಯಿ, ಘಮ ಬಂದ ಕೂಡ್ಲೇ ಇಳಿಸ್ಬೇಕು. ನೀನು ಸೀಯಿಸ್ತೀಯ.”